ಸಂಗಾತಿಯ ಕೆಲಸಕ್ಕೆಂದು ಜರ್ಮನಿಗೆ ಹೋದವರ ಮೊದಲ ಆರು ತಿಂಗಳು: ಎಲ್ಲಿ ಸಿಕ್ಕಿಕೊಳ್ಳುತ್ತಾರೆ, ಏಕೆ

ಬೆಂಗಳೂರಿನಿಂದ ಜರ್ಮನಿಗೆ ಉದ್ಯೋಗಿಗಳನ್ನು ಕಳಿಸುವ ವಿಭಾಗದಲ್ಲಿ ಕೆಲಸ ಮಾಡುವವರಿಗೆ ಒಂದು ವಿಷಯ ಬೇಗ ಕಣ್ಣಿಗೆ ಬೀಳುತ್ತದೆ. ಉದ್ಯೋಗಕ್ಕೆ ಹೋದವರಿಗೆ ಇಳಿದ ವಾರದಲ್ಲೇ ಮೇಜು, ಲ್ಯಾಪ್‌ಟಾಪ್, ಮಾತಾಡಲು ನಾಲ್ಕು ಜನ, ತಿಂಗಳ ಸಂಬಳ ಎಲ್ಲ ಸಿಗುತ್ತದೆ. ಜೊತೆಗೆ ಹೋದ ಹೆಂಡತಿಗೋ ಗಂಡನಿಗೋ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ಬಿಟ್ಟರೆ ಬೇರೇನೂ ಇರುವುದಿಲ್ಲ. ಆರೇಳು ತಿಂಗಳ ನಂತರ ‘ಇಲ್ಲಿ ಆಗ್ತಿಲ್ಲ, ವಾಪಸ್ ಬರ್ತೀವಿ’ ಎಂಬ ಇಮೇಲ್ ಬಂದರೆ ಅದರಲ್ಲಿ ಚಳಿ, ಊಟ, ಒಂಟಿತನ ಎಂದು ಬರೆದಿರುತ್ತದೆ. ಅವು ನಿಜವೇ. ಆದರೆ ಕೆದಕಿ ಕೇಳಿದರೆ ಅದರಡಿಯಲ್ಲಿ ಬೇರೆ ಸಂಗತಿಗಳು ಸಿಗುತ್ತವೆ: ಅವರ ಹೆಸರಿಗೆ ಬರಬೇಕಾದ ಪತ್ರ ಬಂದಿಲ್ಲ, ಭಾಷಾ ತರಗತಿ ತಪ್ಪಿಹೋಗಿದೆ, ಅನುಭವ ಪತ್ರ ಯಾರಿಗೂ ಉಪಯೋಗವಾಗುತ್ತಿಲ್ಲ, ಒಂದು ಕಚೇರಿಗೂ ಅವರು ಒಬ್ಬರೇ ಹೋಗಿಲ್ಲ. ಮನಸ್ಸು ಕುಸಿಯುವುದು ಇವೆಲ್ಲ ಸೇರಿಕೊಂಡಾಗ. ಇವುಗಳಲ್ಲಿ ಹೆಚ್ಚಿನವನ್ನು ತಡೆಯಬಹುದು, ಅದೂ ಮುಕ್ಕಾಲು ಪಾಲು ಹೊರಡುವ ಮೊದಲೇ.

ನಮ್ಮ ಕಡೆಯವರಿಗೆ ಮೊದಲ ತೊಡಕು ಹೆಸರಿನದು. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಬರೆದದ್ದು, ಸರ್‌ನೇಮ್ ಖಾನೆ ಖಾಲಿ, ಮದುವೆ ಪ್ರಮಾಣಪತ್ರದಲ್ಲಿ ಮೂರನೇ ರೂಪ. ಜರ್ಮನಿಯಲ್ಲಿ ಕುಟುಂಬದ ಹೆಸರಿಲ್ಲದೆ ಯಾವ ಅರ್ಜಿಯೂ ಮುಂದೆ ಹೋಗದು. ಖಾನೆ ಖಾಲಿ ಇದ್ದರೆ ನಗರ ಕಚೇರಿಯವರು ಒಂದು ರೀತಿ, ಬ್ಯಾಂಕಿನವರು ಇನ್ನೊಂದು ರೀತಿ ತುಂಬುತ್ತಾರೆ, ಆಮೇಲೆ ಎರಡು ದಾಖಲೆ ಒಬ್ಬರದೇ ಎಂದು ಸಾಬೀತು ಮಾಡುವ ಕೆಲಸ ಶುರುವಾಗುತ್ತದೆ. ವೀಸಾ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಸೇರಿಸಿಕೊಳ್ಳಿ, ಮದುವೆ ಪ್ರಮಾಣಪತ್ರ ಅದಕ್ಕೆ ಹೊಂದುವಂತಿರಲಿ. ಆ ಪ್ರಮಾಣಪತ್ರವೂ ಉಪ ನೋಂದಣಾಧಿಕಾರಿ ಕಚೇರಿಯದ್ದೇ ಆಗಿರಬೇಕು. ದೇವಸ್ಥಾನ ಅಥವಾ ಕಲ್ಯಾಣ ಮಂಟಪದ ಚೀಟಿ ನಡೆಯುವುದಿಲ್ಲ.

ಎರಡನೆಯದು ಕೆಲಸದ ದಾಖಲೆ. ಬೆಂಗಳೂರಿನ ಬಹುಪಾಲು ಕಂಪನಿಗಳ ರಿಲೀವಿಂಗ್ ಲೆಟರ್‌ನಲ್ಲಿ ಸೇರಿದ ದಿನ, ಬಿಟ್ಟ ದಿನ, ಹುದ್ದೆ ಇಷ್ಟೇ ಇರುತ್ತದೆ. ಜರ್ಮನಿಯ ಉದ್ಯೋಗದಾತರು ನೋಡುವುದು ‘ಅರ್ಬೈಟ್ಸ್‌ತ್ಸೊಯ್ಗ್ನಿಸ್’ ಎಂಬ ಪತ್ರವನ್ನು. ಅದರಲ್ಲಿ ಮಾಡಿದ ಕೆಲಸದ ವಿವರ, ನಿಭಾಯಿಸಿದ ಜವಾಬ್ದಾರಿ, ಕೆಲಸದ ಗುಣಮಟ್ಟದ ಬಗ್ಗೆ ಮಾತು, ಬಿಟ್ಟ ಕಾರಣ ಎಲ್ಲ ಇರುತ್ತವೆ. ಇದನ್ನು ನೋಟಿಸ್ ಅವಧಿಯಲ್ಲೇ ಮ್ಯಾನೇಜರ್ ಹತ್ತಿರ ಕೇಳಿ ಬರೆಸಿಕೊಳ್ಳಿ. ನೀವೇ ಒಂದು ಪುಟದ ಕರಡು ಮಾಡಿಕೊಟ್ಟರೆ ಬೇಗ ಆಗುತ್ತದೆ. ಆರು ತಿಂಗಳು ಬಿಟ್ಟು ಅಲ್ಲಿಂದ ಇಮೇಲ್ ಮಾಡಿದರೆ ಮ್ಯಾನೇಜರ್ ಬದಲಾಗಿರುತ್ತಾರೆ, ಎಚ್‌ಆರ್‌ನವರು ‘ನಮ್ಮ ಫಾರ್ಮ್ಯಾಟ್ ಇಷ್ಟೇ’ ಎನ್ನುತ್ತಾರೆ. ‘ಗಂಡನ ವರ್ಗಾವಣೆಯಿಂದ ಜರ್ಮನಿಗೆ ತೆರಳುತ್ತಿದ್ದಾರೆ’ ಎಂಬ ಒಂದು ಸಾಲು ಪತ್ರದಲ್ಲಿದ್ದರೆ ಮುಂದಿನ ಖಾಲಿ ತಿಂಗಳುಗಳಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಪದವಿಯ ವಿಷಯದಲ್ಲಿ ಪ್ರೊವಿಷನಲ್ ಸರ್ಟಿಫಿಕೇಟ್ ನಂಬಿಕೊಂಡು ಹೋಗಬೇಡಿ. ಘಟಿಕೋತ್ಸವದ ಮೂಲ ಪ್ರಮಾಣಪತ್ರ ಮತ್ತು ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ ಕೈಯಲ್ಲಿರಲಿ. ಅನಾಬಿನ್ ಎಂಬ ಜರ್ಮನ್ ದತ್ತಾಂಶ ತಾಣದಲ್ಲಿ ನಿಮ್ಮ ವಿಶ್ವವಿದ್ಯಾಲಯದ ಮುಂದೆ ‘ಎಚ್ ಪ್ಲಸ್’ (ಮಾನ್ಯತೆ ಇದೆ ಎಂಬ ಗುರುತು) ಇದೆಯೇ ನೋಡಿ. ಪದವಿಯೇ ಅಲ್ಲಿ ಪಟ್ಟಿಯಾಗಿಲ್ಲದಿದ್ದರೆ ಝಡ್‌ಎಬಿ ಎಂಬ, ವಿದೇಶಿ ಪದವಿಗಳನ್ನು ಪರಿಶೀಲಿಸುವ ಕಚೇರಿಯಿಂದ ಹೋಲಿಕೆ ಪತ್ರ (ನಿಮ್ಮ ಪದವಿ ಅಲ್ಲಿನ ಯಾವುದಕ್ಕೆ ಸಮ ಎಂದು ಹೇಳುವ ಪತ್ರ) ಪಡೆಯಬೇಕು, ಶುಲ್ಕ 208 ಯೂರೋ. ಐಟಿ, ಲೆಕ್ಕಪತ್ರ, ಮಾರ್ಕೆಟಿಂಗ್‌ನಂಥ ಕೆಲಸಗಳಿಗೆ ಕಾನೂನಿನ ಮಾನ್ಯತೆ ಬೇಕಿಲ್ಲ. ವೈದ್ಯರು, ನರ್ಸ್‌ಗಳು, ಶಾಲಾ ಶಿಕ್ಷಕರು, ವಕೀಲರ ಕಥೆ ಬೇರೆ. ಅವರಿಗೆ ಅಲ್ಲಿನ ಮಾನ್ಯತೆ ಇಲ್ಲದೆ ಆ ಹುದ್ದೆಯಲ್ಲಿ ಕೆಲಸವಿಲ್ಲ. ವೈದ್ಯರಿಗೆ ಸಿ1 ಮಟ್ಟದ (ಭಾಷಾ ಮಟ್ಟಗಳು ಆರಂಭದ ಎ1ರಿಂದ ಸಿ2ವರೆಗೆ) ವೈದ್ಯಕೀಯ ಭಾಷಾ ಪರೀಕ್ಷೆಯೂ ಇರುತ್ತದೆ. ಇಲ್ಲಿ ಹತ್ತು ವರ್ಷ ಪಾಠ ಮಾಡಿದ ಶಿಕ್ಷಕಿಗೆ ‘ಹೋಗಿ ನೋಡೋಣ, ಏನಾದರೂ ಸಿಗುತ್ತೆ’ ಎನ್ನುವುದು ಅನ್ಯಾಯ. ದಾರಿ ಎರಡು ಮೂರು ವರ್ಷದ್ದು ಎಂದು ಹೊರಡುವ ಮೊದಲೇ ಇಬ್ಬರಿಗೂ ಗೊತ್ತಿರಬೇಕು.

ಇನ್ನು ಭಾಷೆ. ಬ್ಲೂ ಕಾರ್ಡ್ (ಪದವೀಧರ ಉದ್ಯೋಗಿಗಳಿಗೆ ಕೊಡುವ ವಾಸ-ಕೆಲಸದ ಪರವಾನಗಿ) ಇರುವವರ ಸಂಗಾತಿಗೆ ವೀಸಾಕ್ಕಾಗಿ ಎ1 ಪ್ರಮಾಣಪತ್ರ ಕೇಳುವುದಿಲ್ಲ. ನಮ್ಮ ಲೆಕ್ಕದಲ್ಲಿ ಈ ವಿನಾಯಿತಿಯಿಂದಲೇ ಅತಿ ಹೆಚ್ಚು ಜನ ಕಷ್ಟಕ್ಕೆ ಬಿದ್ದಿದ್ದಾರೆ. ಬೇಕಿಲ್ಲ ಎಂದ ಕೂಡಲೇ ಕಲಿಯುವುದು ನಿಂತುಹೋಗುತ್ತದೆ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ಬೇರೆ ಕಡೆಯೋ ಎ1, ಸಾಧ್ಯವಾದರೆ ಎ2 ಮುಗಿಸಿಕೊಂಡು ಹೋಗಿ. ಎ2 ಇದ್ದರೆ ಫೋನಿನಲ್ಲಿ ಡಾಕ್ಟರ್ ಅಪಾಯಿಂಟ್‌ಮೆಂಟ್ ಕೇಳಬಹುದು, ಮನೆ ಮಾಲೀಕರ ಪತ್ರದ ತಾತ್ಪರ್ಯ ತಿಳಿಯುತ್ತದೆ. ಅಲ್ಲಿಗೆ ಹೋದ ಮೇಲೆ ಸರ್ಕಾರದ ಇಂಟಿಗ್ರೇಷನ್ ಕೋರ್ಸ್ ಇದೆ: 600 ಪಾಠ ಭಾಷೆಗೆ, 100 ಪಾಠ ದೇಶದ ಪರಿಚಯಕ್ಕೆ, ಒಂದೊಂದು 45 ನಿಮಿಷ, ಗುರಿ ಬಿ1. ಅದಕ್ಕೆ ಅರ್ಹತಾ ಪತ್ರ ಕೊಡುತ್ತಾರೆಯೇ ಎಂದು ವಾಸದ ಪರವಾನಗಿ ಕೊಡುವ ವಿದೇಶಿಯರ ಕಚೇರಿಯಲ್ಲೇ ಕೇಳಬೇಕು. ಸುಮ್ಮನಿದ್ದರೆ ಯಾರೂ ನೆನಪಿಸುವುದಿಲ್ಲ. ಇಲ್ಲದಿದ್ದರೆ ಹೆಚ್ಚಿನ ಊರುಗಳಲ್ಲಿ ‘ಫೋಕ್ಸ್‌ಹೋಖ್‌ಶೂಲೆ’ ಎಂಬ ಸಾರ್ವಜನಿಕ ಶಾಲೆ ಇರುತ್ತದೆ, ಶುಲ್ಕ ಖಾಸಗಿ ಸಂಸ್ಥೆಗಳಿಗಿಂತ ಕಡಿಮೆ. ಅಲ್ಲಿನ ಸತ್ರಗಳು ಸೆಪ್ಟೆಂಬರ್ ಸುಮಾರಿಗೆ ಮತ್ತು ಫೆಬ್ರವರಿ-ಮಾರ್ಚ್‌ನಲ್ಲಿ ಶುರುವಾಗುತ್ತವೆ. ನವೆಂಬರ್‌ನಲ್ಲಿ ಬಂದಿಳಿದವರಿಗೆ ತರಗತಿ ಸಿಗುವುದು ಕಷ್ಟ, ಹೊರಗೆ ನಾಲ್ಕೂವರೆಗೇ ಕತ್ತಲೆ. ಆಯ್ಕೆ ಇದ್ದರೆ ಸಂಗಾತಿಯ ಟಿಕೆಟನ್ನು ಆಗಸ್ಟ್‌ಗೋ ಫೆಬ್ರವರಿಗೋ ಹಾಕಿಸಿ, ಮತ್ತು ತರಗತಿಯ ಹೆಸರು ನೋಂದಣಿ ಇಲ್ಲಿಂದಲೇ ಮುಗಿಸಿ.

ಬಂದಿಳಿದ ದಿನ ಮಾಡಬೇಕಾದ ಕೆಲಸ ಬಹಳ ಚಿಕ್ಕದು: ಅಂಚೆಪೆಟ್ಟಿಗೆ ಮತ್ತು ಬೆಲ್ ಎರಡರ ಮೇಲೂ ಇಬ್ಬರ ಹೆಸರನ್ನೂ ಬರೆಯುವುದು. ಅಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಬಳಕೆಯಲ್ಲಿಲ್ಲ, ಅಂಚೆಯವರು ಹೆಸರು ನೋಡಿ ಪತ್ರ ಹಾಕುತ್ತಾರೆ. ಉದ್ಯೋಗಿಯ ಹೆಸರು ಮಾತ್ರ ಇದ್ದು, ಸಂಗಾತಿಯದ್ದು ಬೇರೆ ಹೆಸರಾಗಿದ್ದರೆ ಅವರ ತೆರಿಗೆ ಗುರುತಿನ ಸಂಖ್ಯೆ, ವಿಮೆ ಕಾರ್ಡ್, ಬ್ಯಾಂಕ್ ಪಿನ್ ಎಲ್ಲ ಹಿಂದಕ್ಕೆ ಹೋಗುತ್ತವೆ. ತಿಂಗಳುಗಟ್ಟಲೆ ‘ನನ್ನದು ಮಾತ್ರ ಏನೂ ಬರ್ತಿಲ್ಲ’ ಎಂದು ಕೊರಗಿದವರ ತೊಂದರೆ ಎಷ್ಟೋ ಸಲ ಈ ಚೀಟಿಯೊಂದರಲ್ಲಿ ಇರುತ್ತದೆ.

ಮನೆಗೆ ಬಂದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಣಿ, ಅಂದರೆ ಆನ್‌ಮೆಲ್ಡುಂಗ್, ಆಗಬೇಕು. ಅದಕ್ಕೆ ಮನೆ ಮಾಲೀಕರ ದೃಢೀಕರಣ ಪತ್ರ ಬೇಕು, ಅದರಲ್ಲಿ ಇಬ್ಬರ ಹೆಸರೂ ಇರಬೇಕು. ಕಂಪನಿ ಕೊಡುವ ತಾತ್ಕಾಲಿಕ ಮನೆಗಳಲ್ಲಿ ಕೆಲವು ಕಡೆ ಈ ಪತ್ರ ಕೊಡುವುದಿಲ್ಲ. ಬುಕ್ ಮಾಡುವ ಮೊದಲೇ ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ನೋಂದಣಿಯಾದ ಮೇಲೆ ಸಂಗಾತಿಯ ಹೆಸರಿಗೂ ಪ್ರಸಾರ ಶುಲ್ಕದ (ಸಾರ್ವಜನಿಕ ರೇಡಿಯೋ, ಟಿವಿಗೆ ಕಟ್ಟುವ ಶುಲ್ಕ) ಪತ್ರ ಬರುತ್ತದೆ. ಶುಲ್ಕ ತಿಂಗಳಿಗೆ 18.36 ಯೂರೋ, ಮನೆಗೊಂದು. ಉದ್ಯೋಗಿ ಈಗಾಗಲೇ ಕಟ್ಟುತ್ತಿದ್ದರೆ ಅವರ ಶುಲ್ಕ ಖಾತೆಯ ಸಂಖ್ಯೆ ಬರೆದು ಉತ್ತರಿಸಿದರೆ ಸಾಕು. ಕಸಕ್ಕೆ ಹಾಕಿದರೆ ಎರಡನೇ ಬಿಲ್ ಶುರುವಾಗುತ್ತದೆ.

ವೀಸಾ ಅವಧಿ ಮುಗಿಯುವ ಮೊದಲೇ ವಾಸದ ಕಾರ್ಡಿಗೆ ಅರ್ಜಿ ಹೋಗಿರಬೇಕು. ದೊಡ್ಡ ಊರುಗಳಲ್ಲಿ ಅಪಾಯಿಂಟ್‌ಮೆಂಟ್ ತಡವಾಗುತ್ತದೆ, ಆದ್ದರಿಂದ ಬಂದ ಮೊದಲ ತಿಂಗಳಲ್ಲೇ ಹಾಕಿ. ಬ್ಲೂ ಕಾರ್ಡ್ ಸಂಗಾತಿಗೆ ಯಾವ ಕೆಲಸವನ್ನಾದರೂ ಮಾಡುವ ಹಕ್ಕಿದೆ. ವೀಸಾ ಅಥವಾ ಕಾರ್ಡಿನ ಮೇಲೆ ‘ಎರ್ವೆರ್ಬ್ಸ್‌ಟೇಟಿಗ್‌ಕೈಟ್ ಎರ್‌ಲೌಬ್ಟ್’ (ದುಡಿಯಲು ಅನುಮತಿ ಇದೆ) ಎಂಬ ಸಾಲು ಇದೆಯೇ ನೋಡಿಕೊಳ್ಳಿ, ಉದ್ಯೋಗದಾತರು ಹುಡುಕುವುದು ಅದನ್ನೇ. ಈ ಹಕ್ಕು ಇರುವುದು ಗೊತ್ತಿಲ್ಲದೆ ‘ಡಿಪೆಂಡೆಂಟ್ ವೀಸಾ, ಕೆಲಸ ಮಾಡೋ ಹಾಗಿಲ್ಲ’ ಎಂದು ವರ್ಷ ಕಳೆದವರಿದ್ದಾರೆ. ಅಮೆರಿಕದ ಎಚ್-4 (ಸಂಗಾತಿಯ) ವೀಸಾದ ಕಥೆಗಳನ್ನು ಕೇಳಿ ಹಾಗೆ ಅಂದುಕೊಂಡಿರುತ್ತಾರೆ.

ಆರೋಗ್ಯ ವಿಮೆಯಲ್ಲಿ ಉದ್ಯೋಗಿ ಸಾರ್ವಜನಿಕ ವಿಮೆ ಆರಿಸಿಕೊಂಡರೆ ಆದಾಯವಿಲ್ಲದ ಸಂಗಾತಿ, ಮಕ್ಕಳು ಹೆಚ್ಚುವರಿ ಕಂತಿಲ್ಲದೆ ಸೇರುತ್ತಾರೆ. ಖಾಸಗಿ ವಿಮೆಯಲ್ಲಿ ತಲೆಗೊಂದು ಕಂತು. ಒಬ್ಬರ ಕಂತು ಅಗ್ಗ ಎಂದು ಮೊದಲ ವಾರದಲ್ಲೇ ಖಾಸಗಿಗೆ ಸಹಿ ಹಾಕುವುದನ್ನು ಕುಟುಂಬಸ್ಥರಿಗೆ ನಾವು ಹೇಳುವುದಿಲ್ಲ, ಏಕೆಂದರೆ ಸಾರ್ವಜನಿಕ ವಿಮೆಗೆ ಹಿಂದಿರುಗುವ ದಾರಿ ಕಿರಿದು.

ತೆರಿಗೆ ವರ್ಗದ (ಸಂಬಳದಿಂದ ತಿಂಗಳು ತಿಂಗಳು ಎಷ್ಟು ತೆರಿಗೆ ಹಿಡಿಯಬೇಕು ಎಂಬುದನ್ನು ತೀರ್ಮಾನಿಸುವ ಸಂಖ್ಯೆ) ವಿಷಯವನ್ನು ಸಂಗಾತಿಗೆ ಕೆಲಸ ಸಿಕ್ಕ ದಿನವೇ ಕೂತು ಮಾತಾಡಿ. ಹೆಚ್ಚು ಸಂಬಳದವರಿಗೆ 3, ಇನ್ನೊಬ್ಬರಿಗೆ 5 ಎಂದು ಇಟ್ಟರೆ 5ರವರ ಕೈಗೆ ಬರುವ ಹಣ ತೀರಾ ಕಡಿಮೆಯಾಗಿ ಕಾಣುತ್ತದೆ. ‘ಇಷ್ಟಕ್ಕೆ ಯಾಕೆ ದುಡಿಯೋದು, ಮನೆಯಲ್ಲೇ ಇರು’ ಎಂಬ ಮಾತು ಹುಟ್ಟುವುದು ಇಲ್ಲೇ. ವರ್ಷದ ಕೊನೆಯ ಲೆಕ್ಕದಲ್ಲಿ ಇಬ್ಬರೂ ಸೇರಿ ಕಟ್ಟುವ ತೆರಿಗೆ ಬದಲಾಗುವುದಿಲ್ಲ. ಆದರೆ ಹೆರಿಗೆಯ ನಂತರದ ಪೋಷಕ ಭತ್ಯೆ, ಕೆಲಸ ಹೋದರೆ ಸಿಗುವ ಭತ್ಯೆ ಎರಡೂ ಕೈಗೆ ಬರುವ ಸಂಬಳದ ಮೇಲೆ ನಿಲ್ಲುತ್ತವೆ. ಹಾಗಾಗಿ 4-4 ಇಟ್ಟುಕೊಳ್ಳುವುದೇ ಹೊಸದಾಗಿ ದುಡಿಯಲು ಹೊರಟವರಿಗೆ ಒಳ್ಳೆಯದು.

ಡ್ರೈವಿಂಗ್ ಲೈಸೆನ್ಸ್‌ಗೂ ಗಡುವಿದೆ. ಅಲ್ಲಿ ವಾಸ ಶುರುವಾಗಿ ಆರು ತಿಂಗಳವರೆಗೆ ಮಾತ್ರ ಭಾರತದ ಲೈಸೆನ್ಸ್ ನಡೆಯುತ್ತದೆ, ಅದಕ್ಕೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡು ಹೋಗಬೇಕು. ಆಮೇಲೆ ಬರಹದ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡನ್ನೂ ಪಾಸು ಮಾಡಬೇಕು. ಬರಹದ್ದು ಇಂಗ್ಲಿಷ್‌ನಲ್ಲಿ ಸಿಗುತ್ತದೆ, ಓಡಿಸುವಾಗ ಸೂಚನೆಗಳು ಜರ್ಮನ್‌ನಲ್ಲೇ.

ಇವೆಲ್ಲ ಕೆಲಸಗಳನ್ನು ಉದ್ಯೋಗಿಯೇ ರಜೆ ಹಾಕಿ ಮಾಡಿಕೊಡುವುದು ಪ್ರೀತಿಯಿಂದಲೇ. ಆದರೂ ಅದರ ಫಲ ಕೆಟ್ಟದ್ದು: ವರ್ಷವಾದರೂ ಸಂಗಾತಿ ಒಂದು ಕೌಂಟರಿನಲ್ಲೂ ಬಾಯಿ ತೆರೆದಿರುವುದಿಲ್ಲ. ವಿಮೆ ಕಾರ್ಡು, ಗ್ರಂಥಾಲಯದ ಸದಸ್ಯತ್ವ, ತಿಂಗಳಿಗೆ 63 ಯೂರೋದ ಡಾಯ್ಚ್‌ಲ್ಯಾಂಡ್ ಟಿಕೆಟ್ (ದೇಶದೆಲ್ಲೆಡೆ ಸ್ಥಳೀಯ ಬಸ್ಸು, ರೈಲಿಗೆ ನಡೆಯುವ ಪಾಸ್), ಸ್ವಂತ ಬ್ಯಾಂಕ್ ಖಾತೆ, ಭಾಷಾ ತರಗತಿ ಇವಿಷ್ಟನ್ನಾದರೂ ಅವರೇ ಮಾಡಲಿ, ತಡವಾದರೂ ಸರಿ. ಮ್ಯೂನಿಕ್, ಫ್ರಾಂಕ್‌ಫರ್ಟ್ ಕಡೆ ಕನ್ನಡ ಸಂಘಗಳಿವೆ, ಯುಗಾದಿ, ರಾಜ್ಯೋತ್ಸವಕ್ಕೆ ಹೋಗಲೇಬೇಕು. ಆದರೆ ಖಾಲಿ ಹೊಡೆಯುವುದು ಮಂಗಳವಾರದ ಬೆಳಗ್ಗೆ ಹತ್ತು ಗಂಟೆ. ಅದನ್ನು ತುಂಬುವುದು ವಾರದಲ್ಲಿ ನಾಲ್ಕು ದಿನ ಇರುವ ತರಗತಿ.

ಹೇಳಲು ಕಷ್ಟವಾದರೂ ಬಿಡಬಾರದ ಮಾತೊಂದಿದೆ. ದಾಂಪತ್ಯ ಮುರಿದರೆ ಸಂಗಾತಿಗೆ ಸ್ವಂತ ವಾಸದ ಹಕ್ಕು ಸಿಗುವುದು ಸಾಮಾನ್ಯವಾಗಿ ಅಲ್ಲಿ ಮೂರು ವರ್ಷ ಒಟ್ಟಿಗೆ ಬಾಳಿದ ಮೇಲೆ. ಹಿಂಸೆ ನಡೆದಿದ್ದರೆ ಅದಕ್ಕೂ ಮೊದಲೇ ಸಿಗಬಹುದು. ಹಿಂಸೆಗೊಳಗಾದ ಮಹಿಳೆಯರಿಗೆ 116 016 ಎಂಬ ಉಚಿತ ಸಹಾಯವಾಣಿ ದಿನದ 24 ಗಂಟೆಯೂ ಇದೆ, ಹಲವು ಭಾಷೆಗಳಲ್ಲಿ ಮಾತಾಡುತ್ತಾರೆ. ಪಾಸ್‌ಪೋರ್ಟ್ ಯಾವಾಗಲೂ ಅವರವರ ಕೈಯಲ್ಲೇ ಇರಲಿ.

ಕಂಪನಿಯಿಂದ ಏನು ಕೇಳಬೇಕು ಎನ್ನುವವರಿಗೆ: ಆಫರ್‌ಗೆ ಸಹಿ ಹಾಕುವ ಮೊದಲೇ ಕೇಳಿ, ಆಮೇಲೆ ಕೇಳಿದರೆ ಬಜೆಟ್ ಇರುವುದಿಲ್ಲ. ಸಂಗಾತಿಯ ಭಾಷಾ ತರಗತಿಯ ಶುಲ್ಕ ಬಿ1ವರೆಗೆ, ಝಡ್‌ಎಬಿ ಶುಲ್ಕ ಮತ್ತು ಅನುವಾದದ ಖರ್ಚು, ವಿಳಾಸ ನೋಂದಣಿ ಆಗುವಂಥ ತಾತ್ಕಾಲಿಕ ಮನೆ. ಈ ಮೂರೂ ಪತ್ರದಲ್ಲಿ ಬರಹದಲ್ಲಿರಲಿ, ಸಂಗಾತಿಯ ಹೆಸರು ಹಾಕಿಯೇ.