ಹೊಟ್ಟೆಯೊಳಗೆ ಉಳಿದ ಹತ್ತಿ

"ಗರ್ಭಚೀಲ ತೆಗೆಸಿ ನಾಕು ವರ್ಷ ಆತು, ಈಗ ಹೊಟ್ಟ್ಯಾಗ ಗಂಟು ಕೈಗೆ ಹತ್ತತೈತಿ" ಅಂತ ಗದಗ, ಹಾವೇರಿ ಕಡೆಯವರು ಹುಬ್ಬಳ್ಳಿಗೆ ಬಂದರೆ ಮನೆಯವರಿಗೆಲ್ಲ ಕ್ಯಾನ್ಸರಿನದೇ ಭಯ. ಅಪರೂಪಕ್ಕೆ ಆ ಗಂಟು ಹಳೆಯ ಆಪರೇಷನ್‌ನಲ್ಲಿ ಒಳಗೇ ಉಳಿದ ಮಾಪ್ ಆಗಿರುತ್ತದೆ, ಅಂದರೆ ರಕ್ತ ಒರೆಸುವ ಹತ್ತಿಬಟ್ಟೆ. ವೈದ್ಯರು ಇದನ್ನು ಗಾಸಿಪಿಬೋಮಾ ಅನ್ನುತ್ತಾರೆ. ಗಾಸಿಪಿಯಂ ಅಂದರೆ ಹತ್ತಿ. ನಮ್ಮ ಎರೆಹೊಲದ ಜಯಧರ ಹತ್ತಿಗೂ ಸಸ್ಯಶಾಸ್ತ್ರದಲ್ಲಿ ಅದೇ ಹೆಸರು.

ಹತ್ತಿ ಮೈಯೊಳಗೆ ಕರಗುವುದಿಲ್ಲ. ಕೀವಾದರೆ ಕೆಲವೇ ವಾರಗಳಲ್ಲಿ ಜ್ವರ, ನೋವು, ಹೊಲಿಗೆಯಿಂದ ಸೋರಿಕೆ. ಕೀವಾಗದಿದ್ದರೆ ಸುತ್ತಲೂ ನಾರಿನ ಚೀಲ ಬೆಳೆದು, ಕರುಳು ಅದಕ್ಕೆ ಅಂಟಿಕೊಂಡು, ವರ್ಷಗಟ್ಟಲೆ ಸುಮ್ಮನಿರುತ್ತದೆ. ಒಮ್ಮೊಮ್ಮೆ ಕರುಳಿನ ಗೋಡೆ ಕೊರೆದು ಒಳಗಿಳಿದು ದಾರಿಯನ್ನೇ ಕಟ್ಟಿಬಿಡುತ್ತದೆ.

ಮಾಪ್‌ನಲ್ಲಿ ಬೇರಿಯಂ ಸಲ್ಫೇಟ್ ಸೇರಿಸಿದ ಎಳೆ ಇರುತ್ತದೆ. ಎಕ್ಸ್‌ರೇಯಲ್ಲಿ ಅದು ಸೊಟ್ಟಸೊಟ್ಟ ಬಿಳಿ ಗೆರೆಯಾಗಿ ಕಾಣುತ್ತದೆ. ಎಳೆಯಿಲ್ಲದ ಸಾದಾ ಗಾಜ್ ಬಟ್ಟೆ ಬಳಸಿದ್ದರೆ ಆ ಸುಳಿವೂ ಇಲ್ಲ, ಆಗ ಸಿ.ಟಿ. ಸ್ಕ್ಯಾನ್‌ನಲ್ಲಿ ಬಟ್ಟೆಯ ಮಡಿಕೆಗಳ ನಡುವೆ ಸಿಕ್ಕಿಬಿದ್ದ ಗಾಳಿಗುಳ್ಳೆ ನೋಡಿ ಗುರುತಿಸಬೇಕು.

ಒಳಗೆ ಉಳಿಯಬಾರದೆಂದೇ ಆಪರೇಷನ್‌ನಲ್ಲಿ ಮಾಪ್‌ಗಳನ್ನು ಎಣಿಸುತ್ತಾರೆ. ಆದರೆ "ಎಣಿಕೆ ಸರಿ ಇತ್ತಲ್ಲ" ಅನ್ನುವ ಮಾತಿಗೆ ಇಲ್ಲಿ ಅರ್ಧವೇ ಬೆಲೆ. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ಒಳಗೆ ಉಳಿದ ಕೇಸುಗಳ ಪೈಕಿ ಎಣಿಸಿದ ಬಹುಪಾಲಿನಲ್ಲಿ ಎಣಿಕೆ ಸರಿಯೆಂದೇ ದಾಖಲಾಗಿತ್ತು. ಹೇಗೆ ಅಂದರೆ, ಐದು ಮಾಪ್‌ಗಳ ಕಟ್ಟಿನಲ್ಲಿ ಆರು ಬಂದಿರುತ್ತವೆ. ಬಿಚ್ಚಿ ನೋಡದೆ ಬೋರ್ಡ್ ಮೇಲೆ 5 ಅಂತ ಬರೆದಿರುತ್ತಾರೆ. ಕೊನೆಗೆ ಐದು ಹೊರಬರುತ್ತವೆ, ಆರನೆಯದು ಒಳಗೆ. ಮಾಪನ್ನು ಕತ್ತರಿಸಿ ಎರಡು ಮಾಡಿಕೊಂಡರೂ ಇದೇ ಗತಿ. ಅದಕ್ಕೇ ಕಟ್ಟು ಬಿಚ್ಚಿ, ಒಂದೊಂದನ್ನೇ ಬಿಡಿಸಿ, ಇಬ್ಬರು ಸೇರಿ ಬಾಯಿಬಿಟ್ಟು ಎಣಿಸಬೇಕು. ಐದಿಲ್ಲದ ಕಟ್ಟನ್ನು ಪೂರ್ತಿ ಬದಿಗಿಡಬೇಕು. ಸಿಜೇರಿಯನ್‌ನಲ್ಲಿ ಗರ್ಭಚೀಲ ಹೊಲಿಯುವ ಮೊದಲು, ಹೊಟ್ಟೆ ಮುಚ್ಚುವ ಮೊದಲು, ಚರ್ಮ ಹೊಲಿಯುವಾಗ ಮತ್ತೆ ಎಣಿಸಬೇಕು. ನಡುವೆ ಸಿಸ್ಟರ್ ಡ್ಯೂಟಿ ಬದಲಾದರೆ ಆಗಲೂ. ಒಂದು ಕಡಿಮೆ ಬಿದ್ದರೆ ಬಕೆಟ್, ಹಾಸಿಗೆಬಟ್ಟೆ ಎಲ್ಲ ಹುಡುಕಿ, ಸಿಗದಿದ್ದರೆ ಟೇಬಲ್ ಮೇಲೆಯೇ ಎಕ್ಸ್‌ರೇ. ತುರ್ತು ಆಪರೇಷನ್‌ನಲ್ಲಿ ಇದನ್ನೆಲ್ಲ ಮಾಡಲು ಪುರುಸೊತ್ತು ಇರುವುದಿಲ್ಲ, ಅಪಾಯ ಹೆಚ್ಚಿರುವುದೂ ಅಲ್ಲಿಯೇ.

ಹೊಟ್ಟೆನೋವಿಗೆ ತೋರಿಸಲು ಹೋದಾಗ ಹತ್ತು ವರ್ಷದ ಹಿಂದಿನ ಆಪರೇಷನ್ನನ್ನೂ ಹೇಳಿ, ಡಿಸ್ಚಾರ್ಜ್ ಚೀಟಿ ತೋರಿಸಿ. ವೈದ್ಯರ 2002ರ ನಿಯಮಾವಳಿಯ ಪ್ರಕಾರ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಆದರೆ ಅವರು ಅದನ್ನು ಕಾಪಾಡಬೇಕಾದ್ದು ಮೂರೇ ವರ್ಷ. ಮನೆಗೆ ಹೊರಡುವ ದಿನವೇ ಪೂರ್ತಿ ಕೇಸ್‌ಶೀಟ್‌ನ ಪ್ರತಿ ಕೇಳಿ ಇಟ್ಟುಕೊಳ್ಳಿ.