ರಾತ್ರಿಶಾಲೆಯ ಸೋಡಾ ಪಾಠ

ಮುಂಬಯಿಯ ಫೋರ್ಟ್ ಭಾಗದಲ್ಲಿದ್ದ ನಮ್ಮ ಕನ್ನಡ ರಾತ್ರಿಶಾಲೆಯ ಪ್ರಯೋಗಾಲಯವೆಂದರೆ ಒಂದು ಕಪಾಟು, ಕೆಲವು ಪ್ರನಾಳಗಳು ಮತ್ತು ಸುಣ್ಣದ ತಿಳಿನೀರಿನ ಸೀಸೆ, ಅಷ್ಟೆ. ಹಗಲೆಲ್ಲ ಉಡುಪಿ ಹೋಟೆಲುಗಳಲ್ಲಿಯೂ ಕ್ಯಾಂಟೀನುಗಳಲ್ಲಿಯೂ ದುಡಿದು ಬಂದು ಕೂರುತ್ತಿದ್ದ ನಮಗೆ ಇಂಗಾಲದ ಡೈಆಕ್ಸೈಡಿನ ಪಾಠ ಹೇಳಲು ವಿಜ್ಞಾನದ ಮಾಸ್ತರರು ಆರಿಸಿಕೊಂಡದ್ದು, ನಾವೇ ದಿನವೂ ಗಿರಾಕಿಗಳ ಮುಂದಿಡುತ್ತಿದ್ದ ಸೋಡಾವನ್ನು.

ಹೈರಮ್ ಕಾಡ್ ಎಂಬ ಇಂಗ್ಲಿಷರವನು 1872ರಲ್ಲಿ ಪೇಟೆಂಟ್ ಪಡೆದ ಗೋಲಿ ಬಾಟಲಿಯಿಂದ ಪಾಠ ಆರಂಭವಾಯಿತು. ಗೋಲಿಯನ್ನು ಕತ್ತಿನ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿದಿರುವುದು ಒಳಗಿನ ಅನಿಲವೇ. ಅನಿಲದ ಒತ್ತಡ ಹೆಚ್ಚಿದಷ್ಟೂ ಅದೇ ಪ್ರಮಾಣದಲ್ಲಿ ಅದು ನೀರಿನಲ್ಲಿ ಕರಗುತ್ತದೆಂದು ವಿಲಿಯಂ ಹೆನ್ರಿ 1803ರಲ್ಲಿ ತೋರಿಸಿದ್ದ. ಒಂದು ವಾಯುಭಾರದ ಒತ್ತಡದಲ್ಲಿ 25 ಡಿಗ್ರಿಯ ಒಂದು ಲೀಟರ್ ನೀರಿಗೆ ಸುಮಾರು ಒಂದೂವರೆ ಗ್ರಾಂ ಇಂಗಾಲದ ಡೈಆಕ್ಸೈಡ್ ಹಿಡಿಸಿದರೆ, ಸೊನ್ನೆ ಡಿಗ್ರಿಯಲ್ಲಿ ಮೂರು ಗ್ರಾಮಿಗೂ ಮಿಕ್ಕಿ ಹಿಡಿಸುತ್ತದೆ. ಐಸಿನಲ್ಲಿಟ್ಟ ಬಾಟಲಿಯ ಸೋಡಾ ಬೇಗ ಸಪ್ಪೆಯಾಗುವುದಿಲ್ಲವೆಂದು ನಮಗೆ ತಿಳಿದಿತ್ತು, ಕಾರಣ ತಿಳಿದಿರಲಿಲ್ಲ.

ಸುಣ್ಣದ ತಿಳಿಗೆ ಸೋಡಾ ಬೆರೆಸಿದಾಗ ಅದು ಹಾಲಿನಂತೆ ಬಿಳಿಯಾಯಿತು. ಇನ್ನಷ್ಟು ಬೆರೆಸಿದಾಗ ಮತ್ತೆ ತಿಳಿಯಾಯಿತು. ಮೊದಲು ಹುಟ್ಟಿದ ಕ್ಯಾಲ್ಸಿಯಂ ಕಾರ್ಬೊನೇಟ್ ಆಮೇಲೆ ಬೈಕಾರ್ಬೊನೇಟಾಗಿ ಕರಗಿತ್ತು. ಆದರೆ ಹುಡುಗರನ್ನು ನಿಜವಾಗಿ ಎಬ್ಬಿಸಿ ಕೂರಿಸಿದ್ದು ಉಪ್ಪು. ಸೋಡಾ ಶರಬತ್ತಿಗೆ ಕೊನೆಯಲ್ಲಿ ಉಪ್ಪು ಹಾಕಿದರೆ ಲೋಟ ಉಕ್ಕಿ ಹರಿಯುತ್ತದೆಂಬುದು ಗಲ್ಲೆಯ ಬಳಿ ಬೈಗುಳ ತಿಂದವರಿಗೆಲ್ಲ ಗೊತ್ತು. ಉಪ್ಪಿಗೂ ಸೋಡಾಕ್ಕೂ ಏನೋ ರಾಸಾಯನಿಕ ಕ್ರಿಯೆ ನಡೆಯುತ್ತದೆಂದು ಎಲ್ಲರೂ ನಂಬಿದ್ದೆವು. ಮಾಸ್ತರರು ಏನೂ ಹೇಳದೆ ತೊಳೆದು ಒಣಗಿಸಿದ ಮರಳನ್ನು ಇನ್ನೊಂದು ಲೋಟಕ್ಕೆ ಸುರಿದರು. ಅದೂ ಉಕ್ಕಿತು. ಕರಗಿದ ಅನಿಲಕ್ಕೆ ಗುಳ್ಳೆಯಾಗಿ ಬೆಳೆಯಲು ಒರಟು ಮೈ, ಗಾಳಿ ಸಿಕ್ಕಿಕೊಂಡ ಸಣ್ಣ ಬಿರುಕು ಬೇಕು. ಹರಳು ಯಾವುದೆಂಬುದು ಮುಖ್ಯವಲ್ಲ.

ಹಾಗಾದರೆ ನಾಲಿಗೆಯನ್ನು ಚುರುಗುಟ್ಟಿಸುವುದು ಗುಳ್ಳೆಯೇ ಎಂದು ಅವರು ಕೇಳಿದರು. ಹೌದೆಂದೆವು. ಅಲ್ಲ, ಆಮ್ಲ ಎಂದರು. ಕರಗಿದ ಅನಿಲದಲ್ಲಿ ಸುಮಾರು ಆರುನೂರರಲ್ಲಿ ಒಂದು ಅಣು ಮಾತ್ರ ಕಾರ್ಬಾನಿಕ್ ಆಮ್ಲವಾಗಿರುತ್ತದೆ, ಆದರೂ ಬರಿಯ ಸೋಡಾದ ಪಿಎಚ್ (ಆಮ್ಲೀಯತೆಯ ಅಳತೆ; ಕಡಿಮೆಯಾದಷ್ಟೂ ಆಮ್ಲ ಹೆಚ್ಚು) ನಾಲ್ಕರ ಆಸುಪಾಸಿಗೆ ಇಳಿಯುತ್ತದೆ. ಕೋಲಾದ ಪಿಎಚ್ ಎರಡೂವರೆಯಷ್ಟಿರುವುದಕ್ಕೆ ಹೊಣೆ ಮುಖ್ಯವಾಗಿ ಅದಕ್ಕೆ ಬೆರೆಸುವ ಫಾಸ್ಫಾರಿಕ್ ಆಮ್ಲ.

ಆ ಉತ್ತರ ನನಗೆ ಅಂದು ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ಹುಳಿಯನ್ನು ಗುರುತಿಸುವ ನಾಲಿಗೆಯ ಕೋಶಗಳಲ್ಲಿ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವವು ಈ ಅನಿಲವನ್ನು ಆಮ್ಲವಾಗಿಸುತ್ತದೆಂದು 2009ರಲ್ಲಿ ಪ್ರಕಟವಾದುದನ್ನು ಓದಿದ ಮೇಲೆ ಒಪ್ಪಿದೆ. ಎತ್ತರದ ಬೆಟ್ಟ ಹತ್ತುವವರು ತೆಗೆದುಕೊಳ್ಳುವ ಅಸಿಟಜೋಲಮೈಡ್ ಮಾತ್ರೆ ಆ ಕಿಣ್ವವನ್ನೇ ತಡೆಯುತ್ತದೆ. ಅದನ್ನು ನುಂಗಿದವರಿಗೆ ಬಿಯರು ನೊರೆಗಟ್ಟಿದ್ದರೂ ಸಪ್ಪೆ. ಗುಳ್ಳೆಯೇಳದಷ್ಟು ಒತ್ತಡದ ಕೋಣೆಯಲ್ಲಿ ಸೋಡಾ ಕುಡಿಸಿ ನೋಡಿದಾಗಲೂ ಅದು ಎಂದಿನಂತೆ ಚುರುಗುಟ್ಟಿತಂತೆ.