ಅಜ್ಜಿಯ ಹೆಸರಿಗೆ ಐದು ಗುರುತು

ಮಾಗಿಯ ಚಳಿ ಬಿಡದಿದ್ದ ಒಂದು ಶನಿವಾರ ಸಂಜೆ, ತಿಪಟೂರಿನ ನಮ್ಮ ಮನೆಯ ಕಂಪ್ಯೂಟರಿನಿಂದ ಹಳೆಯ ಹಾರ್ಡ್ ಡಿಸ್ಕನ್ನು ಬಿಚ್ಚಿ ತೆಗೆದೆ. ಒಂದು ತಿಂಗಳಿಂದ ಅದು ಕಟಕಟ ಸದ್ದು ಮಾಡುತ್ತಿತ್ತು. ಅದರಲ್ಲಿದ್ದುದನ್ನೆಲ್ಲ ಹಿಂದಿನ ರಾತ್ರಿಯೇ ಅದೇ ಕಂಪ್ಯೂಟರಿನ ಇನ್ನೊಂದು ಡಿಸ್ಕಾದ ಎಸ್‌ಎಸ್‌ಡಿಗೆ ನಕಲು ಮಾಡಿಕೊಂಡಿದ್ದೆ. ಕೊಬ್ಬರಿ ವ್ಯಾಪಾರದ ಲೆಕ್ಕ, ಮದುವೆಯ ಫೋಟೊಗಳು, ಇವೆಲ್ಲದಕ್ಕಿಂತ ಮುಖ್ಯವಾಗಿ ಅಜ್ಜಿಯ ಸೋಬಾನೆ ಪದಗಳು. 2016ರ ಬೇಸಿಗೆಯಲ್ಲಿ, ಅಜ್ಜಿ ಹಾಸಿಗೆ ಹಿಡಿಯುವ ಮೊದಲು, ಹಿತ್ತಲ ಕಟ್ಟೆಯ ಮೇಲೆ ಕೂರಿಸಿ ಮೊಬೈಲಿನಲ್ಲಿ ಹಿಡಿದುಕೊಂಡ ನಲವತ್ತೊಂದು ಪದಗಳು. ಬೇರೆಲ್ಲೂ ಪ್ರತಿ ಇರಲಿಲ್ಲ.

ತೆಗೆದ ಡಿಸ್ಕನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬಂದು ಗುಂಡಿ ಒತ್ತಿದೆ. ಯಾವ ಕಾರ್ಯಾಚರಣ ವ್ಯವಸ್ಥೆ ತೆರೆಯಬೇಕೆಂದು ಕೇಳುವ ಗ್ರಬ್ ಪಟ್ಟಿ ಬಂತು, ನಾನು ಬಳಸುವ ಲಿನಕ್ಸ್ ಆದ ಡೆಬಿಯನ್ ಆರಿಸಿದೆ, ಪರದೆ ಕಪ್ಪಾಯಿತು, ಒಂದು ಸಾಲು ಮೂಡಿ ಅಲ್ಲೇ ನಿಂತಿತು. ಚೌಕ ಆವರಣದೊಳಗೆ ಕೆಂಪು ನಕ್ಷತ್ರದ ಗುರುತುಗಳು ಆಚೆಗೊಮ್ಮೆ ಈಚೆಗೊಮ್ಮೆ ಜೀಕುತ್ತಿದ್ದವು. ಪಕ್ಕದಲ್ಲಿ ಒಂದು ಉದ್ದನೆಯ ಸಂಖ್ಯೆ, ಅದರ ಮುಂದೆ ಸೆಕೆಂಡುಗಳ ಎಣಿಕೆ. ತೊಂಬತ್ತು ತುಂಬಿದ ಮೇಲೆ ಬಂದ ಸಾಲು: ನೀವು ಎಮರ್ಜೆನ್ಸಿ ಮೋಡ್‌ನಲ್ಲಿದ್ದೀರಿ.

ಹಿಂದೆ ನಿಂತಿದ್ದ ಅಮ್ಮನಿಗೆ ಆ ಪರದೆಯಲ್ಲಿ ಓದಲು ಬಂದದ್ದು ಎಮರ್ಜೆನ್ಸಿ ಎಂಬ ಒಂದೇ ಪದ. ಆಸ್ಪತ್ರೆಯ ಬಾಗಿಲಲ್ಲಿ ನೋಡಿ ಕಲಿತ ಪದ ಅದು. “ಅಜ್ಜಿಯ ಪದಗಳಿಗೆ ಏನೂ ಆಗಿಲ್ಲ ತಾನೆ, ಮಗನೆ?” ಎಂದರು. ಇಲ್ಲ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಭಾವನಿಗೆ ಫೋನ್ ಮಾಡಿದೆ. “ಎಲ್ಲ ಅಳಿಸಿ ಹೊಸದಾಗಿ ಹಾಕಿಬಿಡಪ್ಪ, ಅರ್ಧ ಗಂಟೆಯ ಕೆಲಸ” ಎಂದರು. ಅವರು ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಈ ಸಲಹೆಯ ಮೇಲೆ ನನಗೆ ನಿಜವಾದ ಸಿಟ್ಟಿದೆ. ಚಿಲಕ ಕೆಟ್ಟಿತೆಂದು ಮನೆಯನ್ನೇ ಕೆಡವುವ ಮಾತು ಅದು. ಪರದೆಯಲ್ಲಿ ಬರೆದಿರುವುದನ್ನು ಓದುವ ಮೊದಲೇ ಫಾರ್ಮ್ಯಾಟ್ ಮಾಡಿ ಮಕ್ಕಳ ಬಾಲ್ಯದ ಫೋಟೊಗಳನ್ನೆಲ್ಲ ಕಳೆದುಕೊಂಡವರನ್ನು ನಮ್ಮ ನೆಂಟರಲ್ಲೇ ಕಂಡಿದ್ದೇನೆ.

ಫೋನ್ ಇಟ್ಟು ಮೊದಲಿನಿಂದ ಯೋಚಿಸಿದೆ. ಗ್ರಬ್ ಕಾಣಿಸಿಕೊಂಡಿತೆಂದರೆ ಮದರ್‌ಬೋರ್ಡಿಗೆ ಎಸ್‌ಎಸ್‌ಡಿ ಸಿಕ್ಕಿದೆ. ಸೆಕೆಂಡುಗಳನ್ನು ಎಣಿಸಿತೆಂದರೆ ವ್ಯವಸ್ಥೆಯ ತಿರುಳಾದ ಕರ್ನಲ್ ಎದ್ದಿದೆ, ಅದರ ಬೆನ್ನಿಗೆ ಉಳಿದದ್ದನ್ನೆಲ್ಲ ಎಬ್ಬಿಸುವ ಸಿಸ್ಟಂಡಿ ಕೆಲಸ ಶುರು ಮಾಡಿದೆ. ಹಾಗಾದರೆ ಎಡವಿದ್ದು ಅದರಾಚೆ, ಡಿಸ್ಕಿನ ವಿಭಾಗಗಳನ್ನು ಒಂದೊಂದಾಗಿ ಜೋಡಿಸುವ ಹಂತದಲ್ಲಿ.

ಕಂಪ್ಯೂಟರಿನ ಮೇಲೆ ಪೂರ್ಣ ಅಧಿಕಾರವಿರುವ ‘ರೂಟ್’ ಖಾತೆಯ ಪಾಸ್‌ವರ್ಡ್ ಕೇಳಿತು. ಅದನ್ನು ಎಂದೋ ಅಪ್ಪನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೆ. ಒಳಗೆ ಹೋದವನು ಮೊದಲು ಮಾಡಬೇಕಾದದ್ದು ದೋಷದ ಹುಡುಕಾಟ. ಆದರೆ ನನ್ನ ಕೈ ಪದಗಳಿದ್ದ ಕಡತಕೋಶಕ್ಕೇ ಹೋಯಿತು. ಅದರೊಳಗಿನ ಕಡತಗಳ ಪಟ್ಟಿ ತೋರಿಸಲು ಎಲ್‌ಎಸ್ ಎಂದು ಬೆರಳಚ್ಚಿಸಿದೆ.

ಎದೆ ಧಸಕ್ಕೆಂದಿತು. ಕನ್ನಡದಲ್ಲಿ ಇಟ್ಟಿದ್ದ ಹೆಸರು ಒಂದೂ ಇರಲಿಲ್ಲ. ಅಕ್ಷರಗಳ ಜಾಗದಲ್ಲಿ ಒಂದೇ ಬಗೆಯ ಗುರುತುಗಳು ಸಾಲುಗಟ್ಟಿದ್ದವು. ನಕಲು ಮಾಡುವಾಗಲೇ ಎಲ್ಲ ಕೆಟ್ಟಿರಬೇಕು ಎಂದುಕೊಂಡೆ. ಸ್ವಲ್ಪ ಹೊತ್ತು ದಿಟ್ಟಿಸಿದ ಮೇಲೆ ಕಣ್ಣಿಗೆ ಬಿದ್ದದ್ದು ಅಂಕಿಗಳು. ಪ್ರತಿ ಸಾಲಿನಲ್ಲೂ ಐದು ಗುರುತು, ಆಮೇಲೆ 01, 02, 03, ಹೀಗೆ 41ರವರೆಗೆ. ಕಡತಗಳಿಗೆ ನಾನು ಇಟ್ಟಿದ್ದ ಹೆಸರು ‘ಅಜ್ಜಿ’. ನೋಡಲು ಎರಡೇ ಅಕ್ಷರ. ಕಂಪ್ಯೂಟರಿಗೆ ಮಾತ್ರ ಅದು ಅ, ಜ, ಹಲಂತ, ಮತ್ತೊಂದು ಜ, ಗುಡಿಸು. ಐದು! ಹೆಸರು ಕೆಟ್ಟಿರಲಿಲ್ಲ, ಅದನ್ನು ಬರೆದು ತೋರಿಸಲು ಆ ಪರದೆಗೆ ಬರುತ್ತಿರಲಿಲ್ಲ, ಅಷ್ಟೇ. ಲಿನಕ್ಸಿನ ಆ ಪಠ್ಯಪರದೆಯ ಫಾಂಟಿನಲ್ಲಿ ಹೆಚ್ಚೆಂದರೆ 512 ಆಕೃತಿಗಳಿಗೆ ಜಾಗ. ಒತ್ತಕ್ಷರ ಗುಣಿತಾಕ್ಷರಗಳನ್ನು ಕೂಡಿಸುವ ವಿದ್ಯೆಯೂ ಅದಕ್ಕಿಲ್ಲ. ಕಷ್ಟಕಾಲದಲ್ಲಿ ಎದುರಿಗೆ ಬರುವ ಪರದೆಯಲ್ಲೇ ಕನ್ನಡ ಕಾಣದಿರುವುದು ಸಣ್ಣ ಕೊರತೆಯೆಂದು ನನಗೆ ಅನ್ನಿಸುವುದಿಲ್ಲ. ಆ ಹೊತ್ತಿಗೆ ಮಾತ್ರ ಐದೈದು ಗುರುತುಗಳ ಆ ಸಾಲು ಅಜ್ಜಿಯೇ ಬಂದು ಕೂತಷ್ಟು ಸಮಾಧಾನ ತಂದಿತು.

“ಇವೆಯಮ್ಮ, ನಲವತ್ತೊಂದೂ ಇವೆ” ಎಂದೆ. ಅಮ್ಮ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕುಳಿತರು.

ಉಳಿದದ್ದು ಬೇಗ ಮುಗಿಯಿತು. ಕಂಪ್ಯೂಟರ್ ಏಳುವಾಗ ನಡೆದದ್ದರ ದಾಖಲೆ ತೋರಿಸುವ ಜರ್ನಲ್‌ಸಿಟಿಎಲ್ ತೆರೆದು ನೋಡಿದರೆ ಕೆಂಪಕ್ಷರದಲ್ಲಿ ಅದೇ ಉದ್ದನೆಯ ಸಂಖ್ಯೆ. ಡಿಸ್ಕಿನ ವಿಭಾಗವನ್ನು ಗುರುತಿಸುವ ಈ ಸಂಖ್ಯೆಯನ್ನು ಯುಯುಐಡಿ ಎನ್ನುತ್ತಾರೆ, ಅಡ್ಡಗೆರೆಗಳೂ ಸೇರಿ 36 ಚಿಹ್ನೆ. ಅದರ ಮೊದಲ ಎಂಟನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡು, ಈಗ ಜೋಡಣೆಯಾಗಿರುವ ಡಿಸ್ಕುಗಳ ಪಟ್ಟಿಯೊಡನೆ ಹೋಲಿಸಿದೆ. ಪಟ್ಟಿಯಲ್ಲಿ ಅದು ಇರಲಿಲ್ಲ. ಇರುವುದಾದರೂ ಹೇಗೆ? ಆ ಸಂಖ್ಯೆಯ ಒಡೆಯ ಪತ್ರಿಕೆ ಹೊದ್ದು ಬೀರುವಿನಲ್ಲಿ ಮಲಗಿತ್ತು.

ಬೂಟ್ ಆಗುವಾಗ ಯಾವ ವಿಭಾಗವನ್ನು ಎಲ್ಲಿ ಜೋಡಿಸಬೇಕೆಂದು ಹೇಳುವ ಕಡತ ಎಫ್‌ಎಸ್‌ಟ್ಯಾಬ್. ಹಳೆಯ ಡಿಸ್ಕಿನ ಸಾಲನ್ನು ಅದರಲ್ಲಿ ಕೆಲವು ವರ್ಷಗಳ ಹಿಂದೆ ನಾನೇ ಬರೆದಿದ್ದೆ. ಡಿಸ್ಕನ್ನು ತೆಗೆದೆ, ಸಾಲನ್ನು ತೆಗೆಯಲಿಲ್ಲ. ಸಾಲು ಇರುವವರೆಗೆ ಸಿಸ್ಟಂಡಿಗೆ ಆ ಡಿಸ್ಕ್ ಬೇಕೇ ಬೇಕು. ತೊಂಬತ್ತು ಸೆಕೆಂಡು ಕಾಯುತ್ತದೆ, ಬಾರದಿದ್ದರೆ ಮುಂದಕ್ಕೆ ಹೆಜ್ಜೆ ಇಡದೆ ಮನೆಯವರನ್ನು ಕರೆಯುತ್ತದೆ. ಇದ್ದರೆ ಇರಲಿ, ಇಲ್ಲದಿದ್ದರೆ ಬಿಡು ಎಂದು ಹೇಳಬೇಕಾದರೆ ಆ ಸಾಲಿನ ನಾಲ್ಕನೆಯ ಅಂಕಣದಲ್ಲಿ ‘ನೋಫೇಲ್’ ಎಂದು ಸೇರಿಸಬೇಕು. ಆಗಾಗ ಬಿಚ್ಚಿ ಹಾಕುವ ಡಿಸ್ಕ್ ಇಟ್ಟುಕೊಂಡವರು ಇದನ್ನು ಇಂದೇ ಸೇರಿಸಿಕೊಳ್ಳಲಿ.

ನ್ಯಾನೊ ಎಂಬ ಬರಹ ತಿದ್ದುವ ತಂತ್ರಾಂಶದಲ್ಲಿ ಕಡತ ತೆರೆದು, ಕಂಪ್ಯೂಟರ್ ಆ ಸಾಲನ್ನು ಓದದೆ ಬಿಡಲೆಂದು ಅದರ ಮೊದಲಿಗೆ ಒಂದು ಹ್ಯಾಷ್ (#) ಗುರುತು ಹಾಕಿ ಉಳಿಸಿದೆ. ಆ ಕಡತದಲ್ಲಿರುವ ವಿಭಾಗಗಳನ್ನೆಲ್ಲ ಜೋಡಿಸುವ ‘ಮೌಂಟ್ -ಎ’ ಕೊಟ್ಟು ನೋಡಿದೆ, ತಕರಾರು ಬರಲಿಲ್ಲ. ರೀಬೂಟ್ ಮಾಡಿದೆ. ಈ ಸಲ ನಕ್ಷತ್ರಗಳು ಜೀಕಲಿಲ್ಲ. ಅರ್ಧ ನಿಮಿಷವೂ ಆಗುವ ಮೊದಲೇ ಲಾಗಿನ್ ಪರದೆ ಬಂತು, ಕಡತಕೋಶದಲ್ಲಿ ‘ಅಜ್ಜಿ’ ದುಂಡಗೆ ಕನ್ನಡದಲ್ಲೇ ಕಾಣಿಸಿದಳು. ಮೊದಲು ಎಲ್ಲವನ್ನೂ ಪೆನ್ ಡ್ರೈವಿಗೆ ಇನ್ನೊಂದು ಪ್ರತಿ ಮಾಡಿದೆ.

ಆಮೇಲೆ ಒಂದು ಪದ ಹಾಕಿದೆ. ಅಜ್ಜಿ ಕೆಮ್ಮಿ ಗಂಟಲು ಸರಿಮಾಡಿಕೊಂಡರು, ದೂರದಲ್ಲಿ ಎಮ್ಮೆ ಕೂಗಿತು, ಪದ ಶುರುವಾಯಿತು. ಅಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದವರು ತಟ್ಟನೆ ಕೈ ಎತ್ತಿದರು. “ನಿಲ್ಲಿಸು, ಇಲ್ಲೊಂದು ಸಾಲು ಬಿಟ್ಟುಹೋಗಿದೆ. ಅವತ್ತು ಅತ್ತೆಗೆ ಮರೆತಿರಬೇಕು” ಎಂದು ಆ ಸಾಲನ್ನು ತಾವೇ ಹಾಡಿದರು. ನಾನು ಕ್ಯಾಲೆಂಡರಿನ ಅಂಚಿನಲ್ಲಿ, ಆ ಎಂಟು ಚಿಹ್ನೆಗಳ ಕೆಳಗೆ, ಅದನ್ನು ಬರೆದುಕೊಂಡೆ.